ಮಂಗಮ್ಮನ ಮುಖಕ್ಕೆ ಎಷ್ಟು ಚೌಕ

ನನ್ನ ತಂಗಿ ಮಾಲತಿಯ ಗಂಡ ತಿಮ್ಮರಾಜು, ಎಣಿಸಲು ಬಾರದ ಯಾವುದನ್ನೂ ನಂಬುವ ಆಸಾಮಿಯಲ್ಲ. ಮದುವೆ ಊಟ ಹೇಗಿತ್ತು ಎಂದು ಕೇಳಿದರೆ ಎಷ್ಟು ಪಂಕ್ತಿ ಎದ್ದಿತು ಎಂದು ಹೇಳುತ್ತಾನೆ. ಮಳೆ ಜೋರಾಗಿ ಬಂತಾ ಎಂದರೆ ಸೂರಿನ ನೀರಿಗೆ ಎಷ್ಟು ಬಿಂದಿಗೆ ತುಂಬಿತು ಎನ್ನುತ್ತಾನೆ. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಎದುರಿಗೆ ಬಾಯ್ತುಂಬ ಬಾವ ಎಂದು ಕರೆದರೂ ಬರೆಯಲು ಕೂತಾಗ ಏಕವಚನವೇ ಬರುತ್ತದೆ, ಅವನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ, ಯಾಕೆಂದರೆ ಅವನಿಗೆ ಕನ್ನಡ ಓದಲು ಬರುವುದಿಲ್ಲ. ಸೇಲಂನ ಗುಗೈಯಲ್ಲಿ ನಮ್ಮ ನೇಕಾರರ ಬೀದಿಯಲ್ಲಿ ಎಲ್ಲರೂ ಆಡುವುದು ಕನ್ನಡ, ಓದುವುದು ತಮಿಳು. ನಾನು ಸೀರೆ ಗಂಟು ಹೊತ್ತು ಚಾಮರಾಜನಗರ, ಮೈಸೂರು ಕಡೆ ಅಲೆಯುವವನಾದ್ದರಿಂದ ಬಸ್ಸಿನ ಬೋರ್ಡು ಓದುತ್ತಾ ಓದುತ್ತಾ ಅಕ್ಷರ ಕಲಿತೆ.

ತಿಮ್ಮರಾಜು ಮಗ್ಗದಲ್ಲಿ ನೇಯುತ್ತಾನೆ, ಜೊತೆಗೆ ಸೀರೆಯ ಅಂಚಿಗೆ ಚಿತ್ರ ಬರೆಯುತ್ತಾನೆ. ಬರೆಯುವುದೆಂದರೆ ಕುಂಚ ಹಿಡಿದು ಬಳಿಯುವುದಲ್ಲ. ಗ್ರಾಫ್ ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಂದೊಂದೇ ಚೌಕ ತುಂಬುವುದು. ಒಂದು ಚೌಕಕ್ಕೆ ಒಂದು ಎಳೆ. ತುಂಬಿದ ಚೌಕವಿದ್ದಲ್ಲಿ ಎಳೆ ಮೇಲೇಳುತ್ತದೆ, ಖಾಲಿ ಇದ್ದಲ್ಲಿ ಕೆಳಗೇ ಇರುತ್ತದೆ. ಆ ಕಾಗದ ನೋಡಿಕೊಂಡು ರಟ್ಟಿಗೆ ತೂತು ಹೊಡೆದು ಮಗ್ಗದ ಮೇಲಿನ ಜಕಾರ್ಡ್ ಪೆಟ್ಟಿಗೆಗೆ ಕಟ್ಟಿದರೆ ಮಗ್ಗದಲ್ಲಿ ನವಿಲು ಇಳಿಯುತ್ತದೆ, ಹಂಸ ಇಳಿಯುತ್ತದೆ. ಇಪ್ಪತ್ತು ವರ್ಷ ಇದನ್ನೇ ಮಾಡಿದವನ ಕಣ್ಣಿಗೆ ಜಗತ್ತೆಲ್ಲ ಚೌಕಗಳ ಲೆಕ್ಕ. ಇಂಥ ಮನುಷ್ಯ ಗರಬಡಿದವನಂತೆ ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ, ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ. ಅದೂ ಅವನ ತಾಯಿಯ ಮುಖದ ದೆಸೆಯಿಂದ.

ಆತನ ತಾಯಿ ಮಂಗಮ್ಮ ಹಿಂದಿನ ವರ್ಷ ತೀರಿಕೊಂಡಿದ್ದರು. ಹನ್ನೊಂದು ತಿಂಗಳಾದ ಮೇಲೆ ವರ್ಷದ ತಿಥಿಯ ಮಾತು ಬಂತು. ನಮ್ಮಲ್ಲಿ ಸತ್ತವರು ಆ ದಿನ ಮನೆಯ ಹಿರಿಯರ ಸಾಲಿಗೆ ಸೇರುತ್ತಾರೆ. ತೆಂಕಣ ಗೋಡೆಗೆ ಅವರ ಫೋಟೋ ಹಾಕಿ ಮಾಲೆ ಹಾಕಬೇಕು, ಅಲ್ಲಿಂದ ಮುಂದೆ ಪ್ರತಿ ಹಬ್ಬಕ್ಕೂ ಮೊದಲ ಎಲೆ ಅವರಿಗೇ. ಫೋಟೋ ಹೊರತೆಗೆಯೋಣವೆಂದು ಪೆಟ್ಟಿಗೆ ಹುಡುಕಿದಾಗ ಗೊತ್ತಾಯಿತು, ಮಂಗಮ್ಮನ ಒಂದೇ ಒಂದು ಫೋಟೋ ಇಲ್ಲ.

ಇಲ್ಲದೆ ಹೋದದ್ದಕ್ಕೆ ಕಾರಣ ನಮ್ಮೆಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತಿಮ್ಮರಾಜುವಿಗೆ ಎಂಟು ವರ್ಷವಿದ್ದಾಗ ಮಂಗಮ್ಮನ ಗಂಡ ಸತ್ತರು. ಆಮೇಲೆ ಯಾವ ಶುಭಕಾರ್ಯದಲ್ಲೂ ಅವರು ಕ್ಯಾಮರಾ ಮುಂದೆ ನಿಲ್ಲಲಿಲ್ಲ. ಸ್ವಂತ ಮಗನ ಮದುವೆಯ ದಿನವೂ ಉಗ್ರಾಣದಲ್ಲಿ ಅಕ್ಕಿ ಮೂಟೆಯ ಪಕ್ಕ ನಿಂತಿದ್ದರು. ಫೋಟೋದವನು "ಹುಡುಗನ ತಾಯಿ ಎಲ್ಲಿ" ಎಂದು ಕೂಗಿದಾಗ ನಮ್ಮಪ್ಪನೇ "ಬೇಡ ಬಿಡಿ" ಎಂದರು. ನಾನು ಪಕ್ಕದಲ್ಲೇ ಇದ್ದೆ. ನನಗಾಗ ಅದು ತಪ್ಪು ಅನ್ನಿಸಲೂ ಇಲ್ಲ, ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮಂಗಮ್ಮನ ತವರು ತಾರಮಂಗಲಂ. ಅಲ್ಲಿಂದ ಬಂದಿದ್ದ ಅವರ ಅಣ್ಣ ಕುಪ್ಪುಸ್ವಾಮಿ, ಎಂಬತ್ತರ ಮುದುಕ, ಎಲ್ಲರೆದುರು ಮಾತು ಎಸೆದರು. "ಏನ್ಲಾ ತಿಮ್ಮಾ, ಊರ ಸೀರೆಗೆಲ್ಲಾ ನವಿಲು ಬರೀತೀಯ, ಎತ್ತವ್ವಂದು ಒಂದು ಪೋಟೋ ಇಲ್ವಲ್ಲ. ನಾಳೆ ಯಾರ ಮುಂದೆ ಎಲೆ ಆಕ್ತೀಯಾ, ಬರೀ ಗೋಡೆ ಮುಂದೆನಾ?"

ತಿಮ್ಮರಾಜುವಿನ ಮುಖ ಸುಣ್ಣದಂತಾಯಿತು. "ವರ್ಷದ ದಿನಕ್ಕೆ ನಮ್ಮವ್ವ ಗೋಡೆ ಮೇಲೆ ಇರ್ತಾಳೆ ಮಾವ. ಇಲ್ಲಾಂದ್ರೆ ನಾನು ಅವಳ ಮಗನೇ ಅಲ್ಲ" ಎಂದುಬಿಟ್ಟ.

ಆಗ ಮಾಲತಿ ಅಡುಗೆಮನೆಯಿಂದ ಬಂದು ಅವನ ಕೈಗೆ ಮಂಗಮ್ಮನ ಓಟಿನ ಕಾರ್ಡು ಕೊಟ್ಟು ಹೋದಳು. ಮೂರು ವರ್ಷದ ಹಿಂದೆ ಬೀದಿಯವರನ್ನೆಲ್ಲ ಶಾಲೆಗೆ ಕರೆದು ತೆಗೆದದ್ದು. ಕಾರ್ಡು ಇಲ್ಲದಿದ್ದರೆ ರೇಷನ್ ಅಕ್ಕಿ ನಿಲ್ಲುತ್ತದೆ ಎಂದು ಯಾರೋ ಹೆದರಿಸಿದ್ದರಿಂದ ಮಂಗಮ್ಮ ಕೂಡ ಸಾಲಿನಲ್ಲಿ ನಿಂತಿದ್ದರು. ಪ್ಲಾಸ್ಟಿಕ್ಕಿನ ಒಳಗೆ ಅಂಚೆಚೀಟಿಯಷ್ಟು ಚಿತ್ರ. ತೋಳಳತೆ ದೂರದಲ್ಲಿ ಹಿಡಿದರೆ ಅವರೇ. ತಿಮ್ಮರಾಜು ಅದನ್ನು ಕಣ್ಣಿಗೊತ್ತಿಕೊಂಡು ಅಳುವುದೊಂದು ಬಾಕಿ. ದೊಡ್ಡದು ಮಾಡಿಸಿದರೆ ಆಯಿತು, ಅದರಲ್ಲೇನಿದೆ ಎಂದುಕೊಂಡು ನಾವಿಬ್ಬರೂ ಆ ಕ್ಷಣವೇ ಹೊರಟೆವು.

ವೆಂಕಟಾಚಲಂನ ಫೋಟೋ ಸ್ಟುಡಿಯೋ ತಿಮ್ಮರಾಜುವಿನ ಮನೆಯಿಂದ ನಲವತ್ತು ಹೆಜ್ಜೆ. ವೆಂಕಟಾಚಲಂ ತಮಿಳಿನವನು, ಮೂವತ್ತು ವರ್ಷ ನಮ್ಮ ಬೀದಿಯಲ್ಲಿದ್ದು ಅರ್ಧ ಕನ್ನಡ ಕಲಿತಿದ್ದಾನೆ. ಹಿಂದಿನ ವರ್ಷವಷ್ಟೇ ಕಂಪ್ಯೂಟರು, ಸ್ಕ್ಯಾನರು ತಂದಿದ್ದ. ಕಂಪ್ಯೂಟರಿನಲ್ಲಿ ಏನು ಬೇಕಾದರೂ ಆಗುತ್ತದೆ ಎಂದು ಆಗ ಊರಿಗೆ ಊರೇ ನಂಬಿತ್ತು, ವೆಂಕಟಾಚಲಂ ಉಳಿದವರಿಗಿಂತ ಸ್ವಲ್ಪ ಜಾಸ್ತಿ ನಂಬಿದ್ದ. ಕಾರ್ಡನ್ನು ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿ ಪರದೆಯ ಮೇಲೆ ಚಿತ್ರ ತಂದ. ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ.

ಚಿತ್ರ ದೊಡ್ಡದಾಗುತ್ತಾ ಹೋದಂತೆ ಮಂಗಮ್ಮ ಇಲ್ಲವಾಗುತ್ತಾ ಹೋದರು. ಮೊದಲು ಮೂಗು ಹೋಯಿತು. ಆಮೇಲೆ ಬಾಯಿ ಹೋಯಿತು. ಕಣ್ಣಿದ್ದ ಕಡೆ ಒಂದಷ್ಟು ಕಪ್ಪು ಪೆಟ್ಟಿಗೆ ಉಳಿದವು. ಕೊನೆಗೆ ಪರದೆಯ ತುಂಬ ಕಪ್ಪು, ಬೂದಿ, ಬಿಳಿ ಚೌಕಗಳು ಬಿಟ್ಟರೆ ಏನೂ ಇರಲಿಲ್ಲ. ಸತ್ತವರನ್ನು ಇನ್ನೊಂದು ಸಲ ಸಾಯಿಸಿದೆವೇನೋ ಅನ್ನಿಸಿ ಕಣ್ಣು ತಗ್ಗಿಸಿದೆ.

ತಿಮ್ಮರಾಜು ಕಣ್ಣು ತಗ್ಗಿಸಲಿಲ್ಲ. ಮೇಜಿನ ಮೇಲಿದ್ದ ಬೆಂಕಿಕಡ್ಡಿ ತೆಗೆದುಕೊಂಡು ಪರದೆಗೆ ಹಿಡಿದು ಎಣಿಸತೊಡಗಿದ. ಅಡ್ಡಕ್ಕೆ ಮೂವತ್ತನಾಲ್ಕು, ಉದ್ದಕ್ಕೆ ನಲವತ್ತೆರಡು. ಎರಡು ಸಲ ಎಣಿಸಿದ.

"ಬಾವ, ನಾನು ಅಂಚಿಗೆ ಆಕೋ ನವಿಲಿಗೆ, ಜುಟ್ಟು ಬಿಟ್ಟು, ಆರು ಸಾವಿರ ಚೌಕ ಐತೆ. ನಮ್ಮವ್ವನ ಮುಖಕ್ಕೆ ಒಂದೂವರೆ ಸಾವಿರಾನೂ ಇಲ್ಲ. ಒಂದು ಕಣ್ಣಿಗೆ ಅದಿನೆಂಟು. ಅದಿನೆಂಟು ಚೌಕದಲ್ಲಿ ನಾನು ಮಲ್ಲಿಗೆ ಮೊಗ್ಗೂ ಬರೆಯಕ್ಕಾಗಲ್ಲ, ಇವರು ನಮ್ಮವ್ವನ ಕಣ್ಣು ಬರೆದವ್ರೆ!"

"ಇರಿ ಚೆಟ್ಟಿಯಾರೇ, ಅವಸರ ಬೇಡ. ಸ್ಕ್ಯಾನರಲ್ಲಿ ಪಾಯಿಂಟ್ ಜಾಸ್ತಿ ಇಡ್ತೀನಿ. ಕ್ಲಿಯರಾ ಬರುಂ" ಎಂದ ವೆಂಕಟಾಚಲಂ.

ಮೂರು ಪಟ್ಟು ಜಾಸ್ತಿ ಇಟ್ಟ. ಕಂಪ್ಯೂಟರು ಐದು ನಿಮಿಷ ಗುರ್ ಎಂದಿತು. ತಿಮ್ಮರಾಜು ಮತ್ತೆ ಕಡ್ಡಿ ಹಿಡಿದ. ಮೊದಲು ಒಂದು ಚೌಕವಿದ್ದ ಜಾಗದಲ್ಲಿ ಈಗ ಒಂಬತ್ತು ಚೌಕವಿದ್ದವು, ಒಂಬತ್ತೂ ಅದೇ ಬಣ್ಣ. ಚುಕ್ಕಿ ಹೆಚ್ಚಿತೇ ಹೊರತು ಅವ್ವ ಹೆಚ್ಚಲಿಲ್ಲ. ಕಾರ್ಡಿನಲ್ಲಿ ಇಲ್ಲದ್ದನ್ನು ಯಂತ್ರ ಎಲ್ಲಿಂದ ತಂದೀತು? ನಾನು ಸಮಾಧಾನ ಹೇಳಲು ಹೋದೆ. ಓಟು ಹಾಕಲು ಬಂದ ಮುದುಕಿ ಅದೇ ಮುದುಕಿಯೋ ಅಲ್ಲವೋ ಎಂದು ನೋಡಲು ಇಷ್ಟು ಸಾಕಪ್ಪ, ಅವರೇನು ಗೋಡೆಗೆ ತೂಗುಹಾಕಲು ತೆಗೆದದ್ದಾ ಎಂದೆ. ಅವನು ನನ್ನನ್ನೇ ಆ ಕ್ಯಾಮರಾದವನು ಎಂಬಂತೆ ನೋಡಿದ.

"ನಮ್ಮವ್ವ ಎಪ್ಪತ್ತು ವರ್ಷ ಬದುಕಿದ್ಲು ಬಾವ. ಅವಳಿಂದ ಇಷ್ಟೇನಾ ತಗೊಂಡಿದ್ದು?"

ಆ ರಾತ್ರಿ ಅವನು ಊಟ ಬಿಟ್ಟನಂತೆ. ಮರುದಿನ ಬೆಳಿಗ್ಗೆ ಮತ್ತೆ ಸ್ಟುಡಿಯೋದ ಮುಂದೆ ಹಾಜರು, ಜೊತೆಗೆ ನಾನೂ. ಚೌಕ ಜಾಸ್ತಿ ಇರುವ ಕ್ಯಾಮರಾದಲ್ಲಿ ತೆಗೆದಿದ್ದರೆ ಬರುತ್ತಿತ್ತಾ ಎಂಬುದು ಅವನ ಪ್ರಶ್ನೆ. ವೆಂಕಟಾಚಲಂಗೆ ತೋರಿಸಿಕೊಳ್ಳಲು ಇಂಥದ್ದೊಂದು ಅವಕಾಶ ಬೇಕಾಗಿತ್ತು. ತನ್ನ ಹೆಂಡತಿಯ ತಮ್ಮ ಸಿಂಗಪುರದಿಂದ ತಂದುಕೊಟ್ಟ ಡಿಜಿಟಲ್ ಕ್ಯಾಮರಾವನ್ನು ಟವೆಲಿನಿಂದ ಬಿಡಿಸಿದ. ಇದರಲ್ಲಿ ಮೂರು ಲಕ್ಷ ಚುಕ್ಕಿ ಇದೆ ಎಂದು ಎದೆ ಉಬ್ಬಿಸಿದ. ತಿಮ್ಮರಾಜುವನ್ನು ಸ್ಟೂಲಿನ ಮೇಲೆ ಕೂರಿಸಿ ಅದರಲ್ಲೊಂದು ತೆಗೆದ. ಆಮೇಲೆ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ, ಮೇಲಿನಿಂದ ಬಗ್ಗಿ ನೋಡುವ ಹಳೇ ಪೆಟ್ಟಿಗೆ ಕ್ಯಾಮರಾದಲ್ಲೊಂದು ತೆಗೆದ. ಎರಡನ್ನೂ ಗೋಡೆಗೆ ಹಾಕುವಷ್ಟು ದೊಡ್ಡದು, ಹನ್ನೆರಡು ಅಂಗುಲ ಅಗಲ, ಹದಿನೈದು ಅಂಗುಲ ಉದ್ದ ಮಾಡಿಸಿ ಮೂರು ದಿನ ಬಿಟ್ಟು ಮುಂದಿಟ್ಟ.

ನಾವು ದಂಗಾದೆವು. ಮೂರು ಲಕ್ಷದ ಕ್ಯಾಮರಾದಲ್ಲಿ ತಿಮ್ಮರಾಜುವಿನ ಮೀಸೆ ಮೆಟ್ಟಿಲು ಮೆಟ್ಟಿಲಾಗಿತ್ತು, ಕಿವಿ ಕೆನ್ನೆಗೆ ಕರಗಿಹೋಗಿತ್ತು. ಹಳೇ ಪೆಟ್ಟಿಗೆಯದರಲ್ಲಿ ಆ ಬೆಳಿಗ್ಗೆ ಬ್ಲೇಡು ತಾಗಿದ ಗಾಯ, ಕಣ್ಣಿನ ರೆಪ್ಪೆ, ಅಂಗಿಯ ಎಳೆ ಕೂಡ ಕಾಣುತ್ತಿತ್ತು. ತಿಮ್ಮರಾಜು ನೂಲು ಎಣಿಸುವ ಗಾಜನ್ನು ಜೇಬಿನಿಂದ ತೆಗೆದು ಎರಡರ ಮೇಲೂ ಇಟ್ಟು ನೋಡಿದ.

"ಈ ಸಿಂಗಪುರದ್ದರಲ್ಲಿ ಅಂಗುಲಕ್ಕೆ ನಲವತ್ತೇ ಚೌಕ ಐತೆ. ಅಂಗುಲಕ್ಕೆ ನಲವತ್ತು ಎಳೆ ಅಂದ್ರೆ ಆಸ್ಪತ್ರೇಲಿ ಗಾಯಕ್ಕೆ ಸುತ್ತೋ ಬಟ್ಟೆ ಬಾವ. ಅತ್ತ ಕಡೆಯಿಂದ ಬೆಳಕು ಕಾಣ್ತದೆ."

ವೆಂಕಟಾಚಲಂ ಹಳೇ ಕ್ಯಾಮರಾದ ನೆಗೆಟಿವ್ ತೆಗೆದು ತಿಮ್ಮರಾಜುವಿನ ಅಂಗೈ ಮೇಲಿಟ್ಟ. ಅದು ಅರ್ಧ ಅಂಗೈ ಮುಚ್ಚಿತು. "ಪಾರುಂಗ, ನೋಡಿ ಚೆಟ್ಟಿಯಾರೇ, ಇದು ಬೆಳಕು ಬೀಳೋ ಜಾಗ. ಸಿಂಗಪುರದ್ದರ ಒಳಗೆ ಫಿಲಂ ಇಲ್ಲ, ಒಂದು ಚಿಪ್ ಇದೆ. ಎಷ್ಟು ದೊಡ್ಡದು ಗೊತ್ತಾ? ಒಂದು ಹುರುಳಿಕಾಳು. ಆ ಹುರುಳಿಕಾಳಿನ ಮೇಲೇ ಮೂರು ಲಕ್ಷ ಚುಕ್ಕಿ."

"ಅದ್ರ ಮೇಲೆ ಇನ್ನೂ ಮೂರು ಲಕ್ಷ ತುರುಕಿದ್ರೆ?"

"ತುರುಕಬಹುದು. ಆಗ ಮೀಸೆ ಮೆಟ್ಟಿಲು ಕಮ್ಮಿ ಆಗುತ್ತೆ. ಆದ್ರೆ ಕಾಳು ಅಷ್ಟೇ ಅಲ್ಲವಾ? ಒಂದೊಂದು ಚುಕ್ಕಿ ಇನ್ನೂ ಸಣ್ಣ ಆಗುತ್ತೆ. ಸಣ್ಣ ಚುಕ್ಕಿಗೆ ಬೀಳೋ ಬೆಳಕೂ ಕಮ್ಮಿ. ಬಿಸಿಲಲ್ಲಿ ಪರವಾಯಿಲ್ಲ. ಮಬ್ಬು ರೂಮಲ್ಲಿ ಅದಕ್ಕೆ ಏನೂ ತಿಳಿಯೋದಿಲ್ಲ, ಕಪ್ಪು ಇರೋ ಕಡೆ ಬಿಳಿ ಉದುರಿಸುತ್ತೆ, ಬಿಳಿ ಇರೋ ಕಡೆ ಕಪ್ಪು ಉದುರಿಸುತ್ತೆ. ನಿಮ್ಮ ಅಮ್ಮನದು ತೆಗೆದದ್ದು ಶಾಲೆ ರೂಮಲ್ಲಿ, ಒಂದು ಟ್ಯೂಬ್‌ಲೈಟಲ್ಲಿ."

ತಿಮ್ಮರಾಜುವಿಗೆ ಅದು ಥಟ್ಟನೆ ಹೊಳೆಯಿತು. "ಒಂದು ಅಂಗುಲದಲ್ಲಿ ಎಳೆ ಜಾಸ್ತಿ ಬೇಕಂದ್ರೆ ನೂಲು ಸಣ್ಣ ಆಗ್ಬೇಕು. ನೂಲು ಸಣ್ಣ ಆದ್ರೆ ಕಿತ್ತೋಯ್ತದೆ. ಎಳೆ ಪೋಣಿಸೋ ಪನ್ನೆ ಅಗಲ ಇದ್ರೆ ದಪ್ಪ ನೂಲಲ್ಲೂ ಚಿತ್ರ ಎತ್ತಬೋದು."

"ಅದೇದಾನ್!" ಎಂದು ವೆಂಕಟಾಚಲಂ ಮೇಜು ಕುಟ್ಟಿದ. ಆಮೇಲೆ ತಡೆಯಲಾರದೆ ಇನ್ನೊಂದು ಮಾತು ಹೇಳಿಬಿಟ್ಟ. "ಮೂವತ್ತು ವರ್ಷ ಈ ಸ್ಟೂಲು ಇಲ್ಲೇ ಇತ್ತು. ನಿಮ್ಮ ಅಮ್ಮ ಒಂದೇ ಒಂದು ಸಲ ಬಂದು ಕೂತಿದ್ದರೆ, ಒಂದು ಸೆಕೆಂಡು, ಸಾಕಿತ್ತು."

ನಲವತ್ತು ಹೆಜ್ಜೆ. ತಿಮ್ಮರಾಜು ಸ್ಟೂಲನ್ನು ನೋಡಿದ.

ಹಟಮಾರಿ, ಅಷ್ಟಕ್ಕೇ ಬಿಡುವವನಲ್ಲ ಅವನು. ಮನೆಗೆ ಹೋಗಿ ಗ್ರಾಫ್ ಕಾಗದ ಹಾಸಿದ. ಕಾರ್ಡಿನ ಚೌಕಗಳನ್ನು ಇದ್ದಂತೆ ಇಳಿಸಿ, ಒಂದೊಂದರ ಒಳಗೂ ಒಂಬತ್ತು ಸಣ್ಣ ಚೌಕ ಮಾಡಿ, ನಡುವೆ ಏನಿರಬಹುದೆಂದು ತಾನೇ ತುಂಬುತ್ತಾ ಹೋದ. ಆರು ದಿನ ಮಗ್ಗ ಮುಟ್ಟಲಿಲ್ಲ. ಏಳನೆಯ ದಿನ ನನ್ನನ್ನು ಕರೆಸಿ ತೋರಿಸಿದ. ಮುಖ ಚೆನ್ನಾಗಿತ್ತು. ಕಣ್ಣು ಮೀನಿನ ಹಾಗೆ, ಮೂಗು ಎಳ್ಳುಹೂವಿನ ಹಾಗೆ, ತುಟಿ ತಿದ್ದಿದ ಹಾಗೆ. ಸೀರೆಯ ಸೆರಗಿಗೆ ಹಾಕಿದ್ದರೆ ಮದುವೆ ಸೀಸನ್ನಿನಲ್ಲಿ ನಾನೇ ನೂರು ಮಾರುತ್ತಿದ್ದೆ.

ಮಾಲತಿ ಕಾಫಿ ಇಡಲು ಬಂದವಳು ಕಾಗದದ ಕಡೆ ನೋಡಿ, "ಚೆಂದಾಗೈತೆ. ಯಾರಿದು?" ಎಂದಳು.

ಅವನು ಕಾಗದವನ್ನು ನಾಲ್ಕಾಗಿ ಹರಿದ. ತಿಥಿಗೆ ಹನ್ನೆರಡು ದಿನ ಉಳಿದಿತ್ತು.

ಕೊನೆಗೆ ವೆಂಕಟಾಚಲಂ ಒಂದು ದಾರಿ ಹೇಳಿದ. ಕಂಪ್ಯೂಟರು ಬರುವ ಮುಂಚೆ ಸ್ಟುಡಿಯೋದವರೆಲ್ಲ ಮಾಡುತ್ತಿದ್ದ ಕೆಲಸ, ಟಚಿಂಗು. ಮಸುಕು ಚಿತ್ರವನ್ನು ದೊಡ್ಡ ಕಾಗದಕ್ಕೆ ಇಳಿಸಿ, ಅದರ ಮೇಲೆ ಪೆನ್ಸಿಲಿನಲ್ಲೂ ಸಣ್ಣ ಕುಂಚದಲ್ಲೂ ಕೈಯಿಂದ ಮುಖ ತುಂಬುವುದು. ಅವನ ಕೈ ಪಳಗಿದ ಕೈ. "ಆದ್ರೆ ಕಾರ್ಡಿಗೆ ಗೊತ್ತಿಲ್ಲ, ಕಂಪ್ಯೂಟರಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿರೋರು ಹೇಳಬೇಕು. ನೀವು ಹೇಳ್ತಾ ಹೋಗಿ, ನಾನು ಹಾಕ್ತಾ ಹೋಗ್ತೀನಿ."

"ಕೇಳಪ್ಪಾ, ನಮ್ಮವ್ವಂದು ನನಗಿಂತ ಯಾರಿಗೆ ಗೊತ್ತು!" ಎಂದು ತಿಮ್ಮರಾಜು ಕುರ್ಚಿ ಎಳೆದುಕೊಂಡು ಕೂತ.

"ಹುಬ್ಬು ಸೇರಿತ್ತಾ, ಬಿಡಿಬಿಡಿಯಾ?"

ತಿಮ್ಮರಾಜು ತನ್ನ ಹುಬ್ಬನ್ನೇ ಬೆರಳಿನಿಂದ ಸವರಿ ನೋಡಿಕೊಂಡ.

"ಸರಿ, ಅದು ಇರಲಿ. ಮಚ್ಚೆ ಏನಾದರೂ? ಎಡ ಕೆನ್ನೆಯಾ, ಬಲಾನಾ? ಮೂಗುತಿ ತೂತು ಯಾವ ಕಡೆ? ಹಲ್ಲು ಮುಂದಕ್ಕಿತ್ತಾ?"

ಅವನು ಕಣ್ಣು ಮುಚ್ಚಿಕೊಂಡ. ನನ್ನ ಕಡೆ ತಿರುಗಿ, "ಬಾವ, ನೀನು ಯೋಳು" ಎಂದ. ಆ ಹೆಂಗಸಿನ ಕೈಯಲ್ಲಿ ಸಾವಿರ ಸಲ ಕಾಫಿ ಕುಡಿದವನು ನಾನು. ನೆನಪು ಮಾಡಿಕೊಳ್ಳಲು ನೋಡಿದೆ. ಲೋಟ ನೆನಪಾಯಿತು, ಲೋಟ ಹಿಡಿದ ಕೈ ನೆನಪಾಯಿತು, ಕೈಯ ಮೇಲೆ ಮುಖವೇ ಇರಲಿಲ್ಲ.

ತಿಮ್ಮರಾಜು ನೆಲ ನೋಡುತ್ತಾ ಮಾತಾಡಿದ. ದನಿ ಅವನದ್ದಲ್ಲ ಅನ್ನಿಸುವಂತಿತ್ತು.

"ನಾನು ಮಗ್ಗದ ಗುಂಡೀಲಿ ಕಾಲು ಇಳಿಬಿಟ್ಕೊಂಡು ಕೂತಿರ್ತೀನಿ. ನನ್ನ ಕಣ್ಣು ಆಸಿನ ಎಳೆ ಮೇಲೆ. ಅವಳು ನನ್ನ ಬೆನ್ನಿಂದೆ ರಾಟೆ ಇಟ್ಕೊಂಡು ನೂಲಿನ ಕಂಡಿಕೆ ಸುತ್ತೋಳು. ಇಪ್ಪತ್ತೈದು ವರ್ಷ ಅಂಗೇ. ಕಂಡಿಕೆ ಮುಗೀತು ಅಂದ್ರೆ ನಾನು ಇಂದಕ್ಕೆ ಕೈ ಚಾಚೋನು, ಅವಳು ಕೈಯಾಗೆ ಇಡೋಳು. ಆವತ್ತು ಮದ್ಯಾನ ರಾಟೆ ಸದ್ದು ನಿಂತೋಯ್ತು. ಎಳೆ ಕಿತ್ತೋಯ್ತೇನವ್ವಾ ಅಂದೆ. ತಿರುಗಿ ನೋಡ್ಲಿಲ್ಲ ಬಾವ. ಅಂಗೇ ಕೈ ಚಾಚ್ಕೊಂಡಿದ್ದೆ. ಎಷ್ಟೊತ್ತೋ ಏನೋ. ಕೈಯಾಗೆ ಏನೂ ಬರ್ಲಿಲ್ಲ, ಆಮೇಲೆ ತಿರುಗಿದೆ."

ವೆಂಕಟಾಚಲಂ ಪೆನ್ಸಿಲು ಕೆಳಗಿಟ್ಟ. ಓಟಿನ ಕ್ಯಾಮರಾ ಅವ್ವನಿಂದ ಇಷ್ಟೇ ತೆಗೆದುಕೊಂಡಿತು ಎಂದು ಅದಕ್ಕೆ ಹಿಡಿಶಾಪ ಹಾಕಿದ್ದ ತಿಮ್ಮರಾಜು, ತನ್ನ ಹತ್ತಿರ ಅಷ್ಟೂ ಇಲ್ಲ ಎಂಬುದನ್ನು ಕಂಡು ಕಲ್ಲಾಗಿಬಿಟ್ಟಿದ್ದ. ನನಗೆ ಅವನನ್ನು ನೋಡಲು ಭಯವಾಯಿತು.

"ಮನೇಲಿ ಕೇಳೋಣ" ಎಂದೆ. ಕೇಳುವುದು ಯಾರನ್ನು ಎಂದು ಯೋಚಿಸಿ ಹೇಳಿದ್ದಲ್ಲ. ಆ ಮನೆಯಲ್ಲಿ ಉಳಿದವಳು ಮಾಲತಿಯೊಬ್ಬಳೇ, ಅವಳನ್ನು ಕೇಳಲು ಇಬ್ಬರಿಗೂ ಮುಜುಗರ. ಮಂಗಮ್ಮ ತನ್ನ ಮಗನಿಗೆ ತಾರಮಂಗಲಂನ ಅಣ್ಣನ ಮಗಳನ್ನು ತಂದುಕೊಳ್ಳಬೇಕೆಂದಿದ್ದರು. ತಿಮ್ಮರಾಜು ಹಟ ಹಿಡಿದು ನನ್ನ ತಂಗಿಯನ್ನು ಮಾಡಿಕೊಂಡ. ಅತ್ತೆ ಸೊಸೆ ಹದಿನೈದು ವರ್ಷ ಒಂದೇ ಅಡುಗೆಮನೆಯಲ್ಲಿದ್ದು ಬಿಸಿನೀರಿಗೂ ಉಪ್ಪಿಗೂ ಬಿಟ್ಟರೆ ಮಾತಾಡಿದವರಲ್ಲ. ಅವರು ಸತ್ತಾಗ ಮಾಲತಿ ಎಲ್ಲರಂತೆ ಅತ್ತಳು, ಎಲ್ಲರಂತೆ ನಿಲ್ಲಿಸಿದಳು.

ವೆಂಕಟಾಚಲಂ ಕಾಗದ, ಪೆನ್ಸಿಲು ಕಂಕುಳಲ್ಲಿಟ್ಟುಕೊಂಡು ನಮ್ಮ ಜೊತೆ ಬಂದ. ಮಾಲತಿ ಒಲೆಯ ಮುಂದೆ ರಾಗಿ ಮುದ್ದೆ ತಿರುವುತ್ತಿದ್ದಳು. ತಿಮ್ಮರಾಜು ಬಾಗಿಲಲ್ಲಿ ನಿಂತು, ಕಳ್ಳನ ಹಾಗೆ, "ಅವ್ವನ ಉಬ್ಬು ಎಂಗಿತ್ತು, ನಿಂಗೇನಾದ್ರೂ ಗ್ಯಾಪಕ ಐತಾ?" ಎಂದ.

ಅವಳು ತಿರುಗಲೂ ಇಲ್ಲ. "ಬಿಡಿಬಿಡಿ. ಬಲಗಡೆ ಉಬ್ಬು ನಡುವೆ ಮುರಿದಿತ್ತು. ಗಂಜಿ ಅಂಡೆ ಬಿಸಿ ತಾಗಿ ಸುಟ್ಟಿದ್ದು, ಅಲ್ಲಿ ಕೂದಲು ಬರ್ಲಿಲ್ಲ."

ವೆಂಕಟಾಚಲಂ ದಡಬಡ ಕಾಗದ ಬಿಚ್ಚಿದ.

"ಮೂಗಿಗೆ ಎರಡೂ ಕಡೆ ತೂತು. ಎಡಗಡೇದು ಮುಚ್ಚೋಗಿತ್ತು, ಬಲಗಡೇದು ಮುಚ್ಚಿರ್ಲಿಲ್ಲ. ಎಡಗಿವಿ ಕೆಳಗೆ, ಕುತ್ತಿಗೆ ಶುರುವಾಗೋ ಕಡೆ, ಸಾಸಿವೆ ಕಾಳಷ್ಟು ಮಚ್ಚೆ. ಗಲ್ಲದಲ್ಲಿ ಒಂದು ಬಿಳಿ ಕೂದಲು, ಕಿತ್ತರೆ ಎರಡೇ ವಾರಕ್ಕೆ ಬರ್ತಿತ್ತು. ಮೇಲಿನ ತುಟಿ ಸಣ್ಣ, ಕೆಳಗಿನದು ದಪ್ಪ. ಎಡಗಡೆ ತುದಿ ಯಾವಾಗ್ಲೂ ಒಸಿ ಕೆಳಕ್ಕೆ ಎಳೆದಿರ್ತಿತ್ತು."

"ಅಮ್ಮಾ, ಎಡ ತುದಿ ಅಂದ್ರಾ?" ವೆಂಕಟಾಚಲಂ ಚೌಕದ ಚಿತ್ರವನ್ನು ಬೆಳಕಿಗೆ ಹಿಡಿದ. ಅಲ್ಲಿ ಒಂದು ಕಪ್ಪು ಚೌಕವಿತ್ತು. ನಾವೆಲ್ಲ ಕೊಳೆ ಎಂದುಕೊಂಡಿದ್ದೆವು.

ಅವಳು ಕೋಲು ತಿರುವುತ್ತಲೇ ಇದ್ದಳು, ಹೇಳುತ್ತಲೇ ಇದ್ದಳು. ಕಣ್ಣಿನ ಕೆಳಗೆ ಎಷ್ಟು ಸುಕ್ಕು, ಬಲಗಣ್ಣು ಎಷ್ಟು ಕಿರಿದಾಗುತ್ತಿತ್ತು, ಮೂಗಿನ ಹೊಳ್ಳೆ ಹೇಗೆ ಅಗಲವಾಗುತ್ತಿತ್ತು. ಒಂದಕ್ಕೂ ತಡವರಿಸಲಿಲ್ಲ. ತಿಮ್ಮರಾಜು ಹೊಸ್ತಿಲ ಮೇಲೆ ಕೂತ. ಹೆತ್ತ ಮಗನಿಗೆ ಗೊತ್ತಿಲ್ಲದ್ದು ಆಗದ ಸೊಸೆಗೆ ಕೂದಲೆಳೆಯಷ್ಟೂ ಬಿಡದೆ ಗೊತ್ತಿತ್ತು. ನನಗೂ ಸಿಡಿಲು ಬಡಿದಂತಾಗಿತ್ತು, ಆದರೆ ಮೂರ್ಖನ ಹಾಗೆ ಒಳಗೊಳಗೇ ಹೆಮ್ಮೆಪಟ್ಟೆ. ನೋಡು, ನನ್ನ ತಂಗಿ ಅತ್ತೆಯನ್ನು ಎಷ್ಟು ಹಚ್ಚಿಕೊಂಡಿದ್ದಳು ಎಂದುಕೊಂಡೆ.

ತಿಥಿಯ ಬೆಳಿಗ್ಗೆ ವೆಂಕಟಾಚಲಂ ಕಟ್ಟು ಹಾಕಿಸಿದ ಫೋಟೋವನ್ನು ಪೇಪರಿನಲ್ಲಿ ಸುತ್ತಿ ತಂದ. ಅಷ್ಟರಲ್ಲಿ ತಾರಮಂಗಲಂನವರೂ ಬಂದಿದ್ದರು. ಪೇಪರು ಬಿಚ್ಚಿದ ಕೂಡಲೇ ನಡುಮನೆಯಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಕುಪ್ಪುಸ್ವಾಮಿ "ಮಂಗಾ!" ಎಂದು ಕೂಗಿಯೇಬಿಟ್ಟರು. ಮುರಿದ ಹುಬ್ಬು, ಮಚ್ಚೆ, ಗಲ್ಲದ ಕೂದಲು, ಎಲ್ಲ ಅದೇ. ಅಪ್ಪಟ ಮಂಗಮ್ಮ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಪಕ್ಕದ ಮನೆಯವರು ಬಂದು ನೋಡಿ ಕೈಮುಗಿದರು. ಗೆದ್ದೆವು ಎಂದುಕೊಂಡು ನಾನು ತಿಮ್ಮರಾಜುವಿನ ಕಡೆ ತಿರುಗಿದೆ.

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಆಗ ನಾನೂ ಸರಿಯಾಗಿ ನೋಡಿದೆ. ಮಂಗಮ್ಮ ಗಲ್ಲ ಎತ್ತಿದ್ದರು. ತುಟಿಯ ಎಡತುದಿ ಕೆಳಕ್ಕೆ ಎಳೆದಿತ್ತು, ಹೊಳ್ಳೆ ಅರಳಿತ್ತು. ಬಲಗಣ್ಣು ಕಿರಿದಾಗಿ, ಎದುರಿಗಿದ್ದವರನ್ನು ಕಸಬರಿಕೆಗೆ ಸಿಕ್ಕಿದ್ದೇನೋ ಎಂಬಂತೆ ನೋಡುತ್ತಿತ್ತು. ಅಸಹ್ಯ. ಬೇರೆ ಹೆಸರಿಲ್ಲ ಆ ನೋಟಕ್ಕೆ.

"ನಮ್ಮವ್ವ ನನ್ನ ಒಂದಿನಾನೂ ಇಂಗೆ ನೋಡಿಲ್ಲ" ಎಂದ ತಿಮ್ಮರಾಜು. ಯಾರಿಗೆ ಹೇಳಿದನೋ. "ಇದ್ಯಾಕೆ ಇಂಗೆ ನೋಡ್ತಾ ಐತೆ?"

ಮಾಲತಿ ಬಾಳೆಎಲೆ ಒರೆಸುತ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ದನಿಯಲ್ಲಿ ಕೋಪವೂ ಇರಲಿಲ್ಲ, ಸೇಡೂ ಇರಲಿಲ್ಲ.

"ನಿಮ್ಮನ್ನ ಯಾಕೆ ನೋಡ್ತಾರೆ. ನನ್ನ ನೋಡ್ತಿದ್ದಿದ್ದು ಇಂಗೇನೆ. ನಂಗೆ ಅವರ ಬೇರೆ ಮುಖ ಗೊತ್ತಿಲ್ಲ."

ಮದುವೆಯಾದ ಮೊದಲ ವರ್ಷ ಅವಳು ನಮ್ಮ ಮನೆಗೆ ಬಂದು, "ಅತ್ತೆ ನೋಡೋ ನೋಟ ತಡೆಯಕ್ಕಾಗಲ್ಲಣ್ಣ" ಎಂದು ಅತ್ತಿದ್ದಳು. "ಒಡೆದ್ರಾ? ಬೈದ್ರಾ? ಬರೀ ನೋಡಿದ್ದಕ್ಕೆ ಅಳ್ತೀಯಾ, ಓಗು ಓಗು" ಎಂದು ನಕ್ಕು, ನಾನೇ ಕೈಹಿಡಿದು ಕರೆದುಕೊಂಡು ಬಂದು ಇದೇ ಬಾಗಿಲಲ್ಲಿ ಬಿಟ್ಟುಹೋಗಿದ್ದೆ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಈಗ ಆ ನೋಟ ಹನ್ನೆರಡು ಅಂಗುಲ ಅಗಲ, ಹದಿನೈದು ಅಂಗುಲ ಉದ್ದ ನನ್ನ ಮುಂದಿತ್ತು. ಎರಡು ನಿಮಿಷ ಎದುರಿಗೆ ನಿಲ್ಲಲು ನನ್ನಿಂದಾಗಲಿಲ್ಲ. ಅವಳು ಹದಿನೈದು ವರ್ಷ ನಿಂತಿದ್ದಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಫೋಟೋವನ್ನು ಪದ್ಧತಿಯಂತೆ ತೆಂಕಣ ಗೋಡೆಗೆ ಹಾಕಿದರು. ಆ ಗೋಡೆಯ ಎದುರಿಗೇ ಅಡುಗೆಮನೆಯ ಬಾಗಿಲು. ಮಾಲೆ ಬಿತ್ತು, ದೀಪ ಹಚ್ಚಿದರು, ಮೊದಲ ಎಲೆ ಇಟ್ಟರು. ಮಾಲತಿ ಆ ನೋಟದ ಕೆಳಗೇ ಪಾಯಸ ತಂದಳು, ಅನ್ನ ತಂದಳು, ಒಳಗೆ ಹೋದಳು, ಮತ್ತೆ ಬಂದಳು. ತಿಮ್ಮರಾಜು ಎಲೆಯ ಮುಂದೆ ಕೂತು ಅವಳು ಓಡಾಡುವುದನ್ನೇ ನೋಡುತ್ತಿದ್ದ, ತುತ್ತು ಎತ್ತಲಿಲ್ಲ.

ಊಟ ಮುಗಿದ ಮೇಲೆ ಅವನು ಎದ್ದು ಸ್ಟೂಲು ಹತ್ತಿ ಫೋಟೋ ಕೆಳಗಿಳಿಸಿದ.

"ಏಯ್, ತೆಂಕಣ ಗೋಡೆ ಬಿಟ್ಟು ಎಲ್ಲಿಗ್ಲಾ? ಅಪಚಾರ!" ಎಂದು ಕುಪ್ಪುಸ್ವಾಮಿ ಎದ್ದು ನಿಂತರು.

ತಿಮ್ಮರಾಜು ಮಗ್ಗದ ಗುಂಡಿಯ ಎದುರು ಗೋಡೆಗೆ, ಕೂತವನ ಕಣ್ಣಿಗೆ ಸರಿಯಾಗಿ, ಮೊಳೆ ಹೊಡೆದ. ಫೋಟೋ ತೂಗುಹಾಕಿದ. ಮಾಲತಿ ಒದ್ದೆ ಕೈಯಲ್ಲೇ ಹೊರಗೆ ಬಂದು, "ಅಲ್ಲಿ ಯಾಕೆ ಆಕ್ತೀರಿ?" ಎಂದಳು.

"ನಿನ್ನ ನೋಡಿದ್ದು ಸಾಕು. ಇನ್ಮೇಲೆ ನನ್ನೇ ನೋಡ್ಲಿ."

ಆ ದಿನ ಮಗ್ಗ ಮುಟ್ಟುವಂತಿಲ್ಲ. ಆದರೂ ಅವನು ಗುಂಡಿಗೆ ಇಳಿದು ಕೂತು, ತಲೆಯೆತ್ತಿ ತಾಯಿಯ ಆ ಮುಖವನ್ನು ನೋಡತೊಡಗಿದ. ಮಾಲತಿ ಸ್ವಲ್ಪ ಹೊತ್ತು ಖಾಲಿಯಾದ ತೆಂಕಣ ಗೋಡೆಯನ್ನು ನೋಡಿದಳು. ಆಮೇಲೆ ಒಂದು ಎಲೆ ಹಾಕಿಕೊಂಡು, ನಡುಮನೆಯಲ್ಲೇ, ಎಲ್ಲರ ಎದುರಿಗೆ ಕೂತು, ಅವಸರವಿಲ್ಲದೆ ಊಟ ಮಾಡಿದಳು. ಆ ಮನೆಯಲ್ಲಿ ನನ್ನ ತಂಗಿ ಊಟಕ್ಕೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.